ಐವತ್ತು ಗ್ರಾಂ

ಸಸೂನ್ ಡಾಕಿನಲ್ಲಿ ಮೂವತ್ತೊಂದು ವರ್ಷ
ತೂಕದ ಕಾಟದ ಪಕ್ಕ ನಿಂತವನು ನಾನು.
ಇನ್ನೂ ಬೆಳಕು ಹರಿಯದ ಹೊತ್ತು,
ಬುಟ್ಟಿ ಬುಟ್ಟಿ ಬಂಗುಡೆ, ಐಸು ಸಮೇತ.
ಮುಳ್ಳು ನಿಲ್ಲುವ ಮೊದಲೇ ಕೂಗುತ್ತಿದ್ದೆ:
ನಲವತ್ತೆರಡು! ಮೂವತ್ತೊಂಬತ್ತೂವರೆ!
ಯಾರೂ ತಿರುಗಿ ತೂಗಿಸಿದ್ದಿಲ್ಲ.

ಈಗ ಭಾಂಡುಪಿನ ಈ ಅಡುಗೆಕಟ್ಟೆಯ ಮೇಲೆ
ಅಂಗೈಯಗಲದ ಯಂತ್ರವಿಟ್ಟು ವಾರಿಜ
ಒಂದು ತುಂಡು ಮಾಂಜಿಯ ಮಾನ ಅಳೆಯುತ್ತಾಳೆ.
ಐವತ್ತನಾಲ್ಕು, ಎನ್ನುತ್ತದೆ ಹಸಿರು ಅಂಕಿ.
ಚೂರಿಯ ತುದಿಯಲ್ಲಿ ನಾಲ್ಕು ಗ್ರಾಂ ಕೆತ್ತಿ
ಬೆಕ್ಕಿಗೆ.
ಬೆಕ್ಕಿನ ಕಿಡ್ನಿ ಚೆನ್ನಾಗಿದೆ.

ಪಥ್ಯ ಬರೆದ ಹುಡುಗಿ ಒಳ್ಳೆಯವಳೇ,
ಅವಳೂ ಮಾಲವಣದ ಕಡೆಯವಳು, ಮೀನೆಂದರೆ ಮುಖ ಕಿವುಚಲಿಲ್ಲ.
ತಿನ್ನಿ ಕಾಕಾ, ಎಂದಳು, ಬೆಂಕಿಪೊಟ್ಟಣದಷ್ಟು.
ಬೂತಾಯಿಗೆ ಒಂದು ಗೆರೆ ಎಳೆದಳು,
ಮುಳ್ಳು ಸಮೇತ ಅಗಿಯುವ ಎಲ್ಲದಕ್ಕೂ.
ಒಣ ಎಟ್ಟಿಯ ಚಟ್ನಿಗೆ ಎರಡು ಗೆರೆ.
ಗಸಿಗೆ ತೆಂಗಿನಕಾಯಿ ಕಮ್ಮಿ, ಹುಣಸೆ ಕಮ್ಮಿ,
ಉಪ್ಪು ಕೇಳಲೇಬೇಡಿ.
ಸಮುದ್ರದಲ್ಲಿ ಹುಟ್ಟಿದ್ದು
ಸಪ್ಪೆ ನೀರಿನಲ್ಲಿ ಬೇಯುವುದನ್ನು
ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.
ಬೆಳ್ಳುಳ್ಳಿ, ಕಾಳುಮೆಣಸು, ಒಂದು ಹೋಳು ನಿಂಬೆ,
ವಾರಿಜಳ ಕೈ ಏನೇನೋ ಮಾಡಿ ನೋಡುತ್ತದೆ.

ಆದಿತ್ಯವಾರ ಮಾರ್ಕೆಟ್ಟಿನಲ್ಲಿ ಧಾಕೂಬಾಯಿ.
ನನ್ನ ಗುಟ್ಟು ಬಲ್ಲವಳು ಅವಳೊಬ್ಬಳೇ:
ಸೇಠನ ಲಾಭಕ್ಕೆಂದು ಕಾಟದ ಅಂಚಿನ ಮೇಲೆ
ಸದಾ ಒರಗುತ್ತಿದ್ದ ನನ್ನ ಕಾಲಿನ ಹೆಬ್ಬೆರಳು
ಅವಳ ಗಂಡನ ದೋಣಿ ತಿರುಗಿ ಬಾರದ ವರ್ಷ
ಇಡೀ ವರ್ಷ
ಅವಳ ಬುಟ್ಟಿ ಬಂದಾಗ ಮಾತ್ರ
ಅಂಚಿನ ಅಡಿಗೆ ಹೋಗುತ್ತಿತ್ತು.
ಇಬ್ಬರೂ ಅದರ ಮಾತೆತ್ತಿಲ್ಲ.
ಎಷ್ಟು ಕೊಡಲಿ? ಒಂದೇ ತುಂಡು, ಎಂದೆ.
ಒಂದು ತುಂಡಿಗೆ ಎಂಥ ತಕ್ಕಡಿ, ಎಂದು
ಸುರಮಯಿಯ ನಡುಭಾಗಕ್ಕೆ ಕೊಯ್ತ ಇಟ್ಟಳು,
ತಲೆಯನ್ನೂ ಸುತ್ತಿಕೊಟ್ಟಳು, ಪುಕ್ಕಟೆ.
ಬೇಡ, ಎಂದೆ.
ಹುಟ್ಟಿದಂದಿನಿಂದ ನಾನು ಮೀನಿನ ತಲೆಗೆ ಬೇಡವೆಂದದ್ದು
ಅದೇ ಮೊದಲು.
ಅವಳು ಕತ್ತಿ ಒರೆಸುತ್ತಾ ಬೇರೆಲ್ಲೋ ನೋಡಿದಳು.

ನಾರಳಿ ಪೂರ್ಣಿಮೆ ಕಳೆದ ಮೇಲೆ ಡಯಾಲಿಸಿಸ್.
ಮಂಗಳವಾರ, ಗುರುವಾರ, ಶನಿವಾರ.
ಎಡತೋಳಿನ ಹೊಲಿಗೆಯ ಮೇಲೆ ಬೆರಳಿಟ್ಟರೆ
ಒಳಗೆ ಗುಂಯ್‌ಗುಡುತ್ತದೆ,
ಬಂದರು ಬಿಡುವ ಟ್ರಾಲರಿನ ಇಂಜಿನ್ನಿನ ಹಾಗೆ.
ಹೋಗುವಾಗೊಮ್ಮೆ, ಬರುವಾಗೊಮ್ಮೆ
ನನ್ನನ್ನೇ ಕಾಟಕ್ಕೆ ಹತ್ತಿಸುತ್ತಾರೆ.
ಐವತ್ತೆಂಟೂವರೆ, ಎಂದು ಕೂಗುತ್ತಾನೆ ವಾರ್ಡಿನ ಹುಡುಗ,
ನಾಲ್ಕು ತಾಸಿನ ಮೇಲೆ, ಐವತ್ತಾರು.
ನಾನು ಬಗ್ಗಿ ಅವನ ಹೆಬ್ಬೆರಳು ನೋಡುತ್ತೇನೆ.
ಚಪ್ಪಲಿಯೊಳಗೆ, ದೂರದಲ್ಲಿದೆ. ಪಾಪದ ಹುಡುಗ.

ಮತ್ತೆ ಅದೇ ಮಾಲವಣದ ಹುಡುಗಿ
ಐವತ್ತನ್ನು ಹೊಡೆದು ಹಾಕಿ ನೂರು ಬರೆದಳು.
ಯಂತ್ರ ಸತ್ವವನ್ನೂ ಹಿಂಡುತ್ತದೆ ಕಾಕಾ,
ಈಗ ಹೆಚ್ಚು ತಿನ್ನಬೇಕು.
ವಾರಿಜ ರಿಕ್ಷಾದಲ್ಲಿ ದಾರಿಯಿಡೀ
ಆ ಚೀಟಿಯನ್ನು ಲಾಟರಿ ಟಿಕೇಟಿನಂತೆ ಹಿಡಿದುಕೊಂಡಿದ್ದಳು.

ಇವತ್ತು ತಟ್ಟೆಯಲ್ಲಿ ಎರಡು ತುಂಡು.
ಮೂರು ವರ್ಷದಿಂದ ಕನಸಿನಲ್ಲಿ ಬಂದದ್ದು
ಹಸಿರು ಅಂಕಿಯ ಹಂಗಿಲ್ಲದೆ
ಎದುರಿಗೆ ಬಂದು ಕೂತಿದೆ.
ಬಾಯಲ್ಲಿ ಮಾತ್ರ ಲಂಗರಿನ ತುಕ್ಕಿನ ರುಚಿ,
ಎರಡು ತುತ್ತಿಗೇ ಗಂಟಲು ಸಾಕೆನ್ನುತ್ತದೆ.
ಅವಳು ನೋಡುತ್ತಿದ್ದಾಳೆ.
ಚೆನ್ನಾಗಿದೆ, ಎನ್ನುತ್ತೇನೆ, ಖಾರ ಹದವಾಗಿದೆ.
ನಿಂಬೆ ತರಲು ಎದ್ದಳು.
ಅಷ್ಟರಲ್ಲಿ ಒಂದು ತುಂಡು ಮೇಜಿನ ಅಡಿಗೆ,
ಹೆಬ್ಬೆರಳಿನಿಂದ ಮೆಲ್ಲಗೆ
ಬೆಕ್ಕಿನ ಕಡೆಗೆ.

ಎರಡೂ ಮುಗಿಯಿತಾ? ಎಂದಳು ಅಲ್ಲಿಂದಲೇ.
ಮುಗಿಯಿತು, ಎಂದು ಕೂಗಿದೆ,
ಡಾಕಿನ ದನಿಯಲ್ಲಿ.